ಮನೆಯ ಅಕ್ವೇರಿಯಂನಲ್ಲಿ ಎಷ್ಟು ಮೀನು ಸಾಕಬಹುದು? ಎರಡಡಿ ತೊಟ್ಟಿಯ ಪೂರ್ಣ ಲೆಕ್ಕ

ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಗಾಜಿನ ತೊಟ್ಟಿ ನಮ್ಮ ಊರುಗಳ ಅಕ್ವೇರಿಯಂ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ. ಹೊಸದಾಗಿ ಮೀನು ಸಾಕಲು ಹೊರಟವರಲ್ಲಿ ಅನೇಕರು ಇದನ್ನೇ ಮನೆಗೆ ತರುತ್ತಾರೆ. ಇದರಲ್ಲಿ ಎಷ್ಟು ಮೀನು ಬಿಡಬಹುದು ಎಂದು ಕೇಳಿದರೆ ಒಬ್ಬರು ಹತ್ತು ಎನ್ನುತ್ತಾರೆ, ಇನ್ನೊಬ್ಬರು ಮೂವತ್ತಾದರೂ ತೊಂದರೆಯಿಲ್ಲ ಎನ್ನುತ್ತಾರೆ. ಯಾವ ಜಾತಿಯ ಮೀನು, ಅದು ಎಷ್ಟು ದೊಡ್ಡದಾಗುತ್ತದೆ, ದಿನಕ್ಕೆ ಎಷ್ಟು ತಿನ್ನುತ್ತದೆ, ವಾರಕ್ಕೆ ಎಷ್ಟು ನೀರು ಬದಲಿಸುತ್ತೀರಿ ಎಂಬುದನ್ನು ವಿಚಾರಿಸದೆ ಕೊಟ್ಟ ಯಾವ ಸಂಖ್ಯೆಯನ್ನೂ ನಂಬುವಂತಿಲ್ಲ. ತೊಟ್ಟಿಯ ಸಾಮರ್ಥ್ಯವನ್ನು ಮೀನುಗಳ ತಲೆ ಎಣಿಸಿ ಹೇಳಲು ಬರುವುದಿಲ್ಲ. ಪ್ರತಿದಿನ ಒಳಗೆ ಬೀಳುವ ಆಹಾರದಿಂದ ಹುಟ್ಟುವ ಕಶ್ಮಲವನ್ನು ಆ ನೀರು, ಆ ಫಿಲ್ಟರ್ ಮತ್ತು ನಿಮ್ಮ ಕೈಕೆಲಸ ಸೇರಿ ಎಷ್ಟರಮಟ್ಟಿಗೆ ನಿಭಾಯಿಸಬಲ್ಲವು ಎಂಬುದೇ ಅದರ ನಿಜವಾದ ಸಾಮರ್ಥ್ಯ. ಈ ಬರಹದಲ್ಲಿ ಮೇಲಿನ ಎರಡಡಿ ತೊಟ್ಟಿಯನ್ನೇ ಉದಾಹರಣೆಯಾಗಿ ಇಟ್ಟುಕೊಂಡು, ಖಾಲಿ ಗಾಜಿನಿಂದ ಆರಂಭಿಸಿ ಕೊನೆಯ ಮೀನಿನವರೆಗೆ ಲೆಕ್ಕ ಮಾಡುವ ಕ್ರಮವನ್ನು ವಿವರಿಸಿದ್ದೇನೆ. ಇಲ್ಲಿರುವುದೆಲ್ಲ ಸಿಹಿನೀರಿನ ಅಲಂಕಾರಿಕ ಮೀನುಗಳ ಮಾತು. ಸಮುದ್ರದ ಮೀನುಗಳ ಲೆಕ್ಕವೇ ಬೇರೆ.

ಮೊದಲ ಹಂತ: ನಿಜವಾದ ನೀರಿನ ಪ್ರಮಾಣ

ತೊಟ್ಟಿಯ ಮೇಲೆ ಬರೆದಿರುವ ಅಥವಾ ಅಂಗಡಿಯವರು ಹೇಳುವ ಲೀಟರ್ ಲೆಕ್ಕ ಹೊರಗಿನ ಅಳತೆಯದು. 61 ಸೆಂಟಿಮೀಟರ್ ಉದ್ದ, 30.5 ಅಗಲ, 30.5 ಎತ್ತರವನ್ನು ಗುಣಿಸಿ 1000ದಿಂದ ಭಾಗಿಸಿದರೆ ಸುಮಾರು 57 ಲೀಟರ್ ಬರುತ್ತದೆ. ಆದರೆ ಮೀನು ಬದುಕುವುದು ಹೊರಗಿನ ಅಳತೆಯಲ್ಲಲ್ಲ. ಗಾಜು 5 ಮಿಲಿಮೀಟರ್ ದಪ್ಪವಿದ್ದರೆ ಒಳಗಿನ ಉದ್ದ 60 ಸೆಂಟಿಮೀಟರ್, ಅಗಲ 29.5 ಆಗುತ್ತದೆ. ಮೀನು ಹಾರಿ ಹೊರಗೆ ಬೀಳದಂತೆ ಮೇಲೆ 4 ಸೆಂಟಿಮೀಟರ್ ಖಾಲಿ ಬಿಡುತ್ತೇವೆ, ಕೆಳಗೆ 4 ಸೆಂಟಿಮೀಟರ್ ಜಲ್ಲಿ ಹಾಸುತ್ತೇವೆ. ಉಳಿಯುವುದು 22 ಸೆಂಟಿಮೀಟರ್ ಆಳದ ನೀರು, ಅಂದರೆ ಸುಮಾರು 39 ಲೀಟರ್. ಜಲ್ಲಿಯ ಸಂದುಗಳಲ್ಲಿ ಎರಡು ಮೂರು ಲೀಟರ್ ನೀರು ನಿಲ್ಲುತ್ತದೆ. ಕಲ್ಲು, ಮರದ ಬೇರು, ಅಲಂಕಾರದ ಗೊಂಬೆಗಳು ಹೆಚ್ಚುಕಡಿಮೆ ಅಷ್ಟೇ ನೀರಿನ ಜಾಗವನ್ನು ಕಿತ್ತುಕೊಳ್ಳುತ್ತವೆ. ಹಾಗಾಗಿ ನಮ್ಮ ಎರಡಡಿ ತೊಟ್ಟಿಯ ನಿಜವಾದ ನೀರು ಸುಮಾರು 40 ಲೀಟರ್. ಹೇಳಿದ ಅಳತೆಗಿಂತ ಕಾಲುಭಾಗಕ್ಕೂ ಹೆಚ್ಚು ಇಲ್ಲಿಯೇ ಕಡಿಮೆಯಾಯಿತು.

ಗುಣಾಕಾರಕ್ಕಿಂತ ನಂಬಿಕೆಗೆ ಅರ್ಹವಾದ ದಾರಿ ಬಕೆಟ್ ಲೆಕ್ಕ. ಒಂದು ಲೀಟರಿನ ನೀರಿನ ಬಾಟಲಿಯಿಂದ ಹತ್ತು ಸಲ ಸುರಿದು ಬಕೆಟ್ಟಿನ ಒಳಗೋಡೆಗೆ 10 ಲೀಟರಿನ ಗೆರೆ ಎಳೆದುಕೊಳ್ಳಿ. ಜಲ್ಲಿ, ಕಲ್ಲು, ಫಿಲ್ಟರ್ ಎಲ್ಲವನ್ನೂ ಜೋಡಿಸಿದ ಮೇಲೆ ಅದೇ ಬಕೆಟ್ಟಿನಿಂದ ತುಂಬಿಸುತ್ತ ಎಣಿಸಿ, ಬಂದ ಮೊತ್ತವನ್ನು ತೊಟ್ಟಿಯ ಹಿಂಬದಿಯ ಗಾಜಿಗೆ ಚೀಟಿ ಬರೆದು ಅಂಟಿಸಿ. ಮುಂದೆ ಔಷಧಿ ಹಾಕುವಾಗ, ನೀರು ಬದಲಿಸುವಾಗ, ಕ್ಲೋರಿನ್ ತೆಗೆಯುವ ದ್ರಾವಣ ಹಾಕುವಾಗ ಈ ಒಂದು ಸಂಖ್ಯೆ ಮತ್ತೆ ಮತ್ತೆ ಬೇಕಾಗುತ್ತದೆ.

ಎರಡನೆಯ ಹಂತ: ಮೀನಿನ ಬೆಳೆದ ಅಳತೆ

ಅಂಗಡಿಯ ತೊಟ್ಟಿಯಲ್ಲಿ ಕಾಣುವ ಮೀನುಗಳಲ್ಲಿ ಬಹುಪಾಲು ಮರಿಗಳು. ಎರಡು ಇಂಚಿನ ಮುದ್ದಾದ ಆಸ್ಕರ್ 30 ಸೆಂಟಿಮೀಟರ್ ಬೆಳೆಯುತ್ತದೆ. ಗಾಜಿನ ಪಾಚಿ ತಿನ್ನುತ್ತದೆಂದು ಜೊತೆಗೆ ಕೊಡುವ ಸಾಮಾನ್ಯ ಸಕ್ಕರ್ ಮೀನು 30ನ್ನು ದಾಟಿ 40 ಸೆಂಟಿಮೀಟರಿನವರೆಗೂ ಹೋಗುತ್ತದೆ, ಬೆಳೆದಂತೆ ಅದರ ಕಶ್ಮಲವೂ ಹೆಚ್ಚುತ್ತದೆ. ಶಾರ್ಕ್ ಎಂಬ ಹೆಸರಿನಲ್ಲಿ ಮಾರುವ ಬೂದುಬಣ್ಣದ ಪಂಗಾಸಿಯಸ್, ಊಟಕ್ಕೆಂದು ಕೆರೆಗಳಲ್ಲಿ ಸಾಕುವ ಮೀನೇ. ಅದು ಒಂದು ಮೀಟರ್ ಮೀರಿ ಬೆಳೆಯುವುದರಿಂದ ಯಾವ ಮನೆಯ ತೊಟ್ಟಿಗೂ ಒಗ್ಗುವುದಿಲ್ಲ. ಸಿಲ್ವರ್ ಶಾರ್ಕ್ ಸಹ 30 ಸೆಂಟಿಮೀಟರ್ ಆಗುತ್ತದೆ. ದುಂಡುಹೊಟ್ಟೆಯ ಗೋಲ್ಡ್ ಫಿಶ್ 15ರಿಂದ 20, ಉದ್ದದೇಹದ ಸಾಮಾನ್ಯ ಗೋಲ್ಡ್ ಫಿಶ್ ಅದಕ್ಕಿಂತಲೂ ಹೆಚ್ಚು. ಮೋಲಿ 8ರಿಂದ 12, ಏಂಜೆಲ್ ಸುಮಾರು 15, ಟೈಗರ್ ಬಾರ್ಬ್ 6ರಿಂದ 7, ಪ್ಲಾಟಿ 5ರಿಂದ 6, ಜೀಬ್ರಾ ಡೇನಿಯೊ 4ರಿಂದ 5, ನಿಯಾನ್ ಟೆಟ್ರಾ ಮತ್ತು ಗಂಡು ಗಪ್ಪಿ ಸುಮಾರು 3.5 ಸೆಂಟಿಮೀಟರ್. ಲೆಕ್ಕಕ್ಕೆ ಹಿಡಿಯಬೇಕಾದದ್ದು ಈ ಬೆಳೆದ ಅಳತೆಯನ್ನು. ಉದ್ದನೆಯ ಬಾಲವಿರುವ ಜಾತಿಗಳಲ್ಲಿ ಬಾಲದ ರೆಕ್ಕೆಯನ್ನು ಬಿಟ್ಟು ಅಳೆಯುವುದು ವಾಡಿಕೆ.

‘ತೊಟ್ಟಿಯ ಅಳತೆಗೆ ತಕ್ಕಷ್ಟೇ ಮೀನು ಬೆಳೆಯುತ್ತದೆ’ ಎಂಬ ಮಾತನ್ನು ಇಲ್ಲಿ ಖಂಡಿತವಾಗಿ ತಳ್ಳಿಹಾಕಬೇಕು. ಇಕ್ಕಟ್ಟಿನಲ್ಲಿ, ಕೆಟ್ಟ ನೀರಿನಲ್ಲಿ ಮೀನಿನ ಬೆಳವಣಿಗೆ ಕುಂಠಿತವಾಗುವುದು ನಿಜ. ಆದರೆ ಅದು ಹೊಂದಾಣಿಕೆಯಲ್ಲ, ರೋಗ. ಬೆನ್ನು ಬಾಗುತ್ತದೆ, ದೇಹಕ್ಕೆ ಹೋಲಿಸಿದರೆ ಕಣ್ಣು ದೊಡ್ಡದಾಗಿ ಕಾಣುತ್ತದೆ, ಹತ್ತು ವರ್ಷ ಬದುಕಬೇಕಾದ ಗೋಲ್ಡ್ ಫಿಶ್ ಒಂದೆರಡು ವರ್ಷದಲ್ಲೇ ಸಾಯುತ್ತದೆ. ಮರಿ ದೊಡ್ಡದಾದ ಮೇಲೆ ನೋಡಿಕೊಳ್ಳೋಣ ಎಂಬ ಯೋಚನೆಯೂ ಬೇಡ. ದೊಡ್ಡ ತೊಟ್ಟಿ ಈಗಾಗಲೇ ಮನೆಯಲ್ಲಿದ್ದರೆ ಮಾತ್ರ ದೊಡ್ಡದಾಗುವ ಮೀನಿನ ಮರಿಯನ್ನು ತನ್ನಿ.

ಮೂರನೆಯ ಹಂತ: ಉದ್ದ ಮತ್ತು ಮೇಲ್ಮೈಯಿಂದ ಮೊದಲ ಅಂದಾಜು

ಹಳೆಯ ಪುಸ್ತಕಗಳಲ್ಲಿ ಕಾಣುವ ‘ಗ್ಯಾಲನ್ನಿಗೆ ಒಂದು ಇಂಚು ಮೀನು’ ಎಂಬ ಸೂತ್ರ ಅಮೆರಿಕದ ಗ್ಯಾಲನ್ನಿನದು, ಅಂದರೆ 3.785 ಲೀಟರಿನದು. ನಮ್ಮ ಮೆಟ್ರಿಕ್ ಅಳತೆಗೆ ತಂದರೆ 1.5 ಲೀಟರ್ ನೀರಿಗೆ 1 ಸೆಂಟಿಮೀಟರ್ ಮೀನು ಎಂದಾಗುತ್ತದೆ. ಇದಕ್ಕಿಂತ ಸಡಿಲವಾದ ಇನ್ನೊಂದು ಸೂತ್ರ ಲೀಟರಿಗೆ 1 ಸೆಂಟಿಮೀಟರ್. ನನ್ನ ಅಭಿಪ್ರಾಯದಲ್ಲಿ ಎರಡನ್ನೂ ಇಟ್ಟುಕೊಳ್ಳುವುದು ಒಳ್ಳೆಯದು: ಮೊದಲನೆಯದು ಆರಂಭದ ಮಿತಿಯಾಗಿ, ಎರಡನೆಯದು ಎಂದಿಗೂ ದಾಟಬಾರದ ಗೆರೆಯಾಗಿ. ಎಲ್ಲ ಮೀನುಗಳ ಬೆಳೆದ ಉದ್ದವನ್ನು ಕೂಡಿಸಿ ನೋಡಿದರೆ ನಮ್ಮ 40 ಲೀಟರಿಗೆ ಆರಂಭದ ಮಿತಿ ಸುಮಾರು 27 ಸೆಂಟಿಮೀಟರ್, ಕೊನೆಯ ಗೆರೆ 40 ಸೆಂಟಿಮೀಟರ್.

ಈ ಸೂತ್ರಗಳು ಸಲ್ಲುವುದು ಸಣ್ಣ, ತೆಳ್ಳನೆಯ, ಆರು ಸೆಂಟಿಮೀಟರಿಗಿಂತ ಹೆಚ್ಚು ಬೆಳೆಯದ ಮೀನುಗಳಿಗೆ ಮಾತ್ರ. ಅದಕ್ಕೆ ಕಾರಣ ಸರಳವಾದ ಗಣಿತ. ಉದ್ದ ಎರಡು ಪಟ್ಟಾದರೆ ಅಗಲವೂ ದಪ್ಪವೂ ಎರಡೆರಡು ಪಟ್ಟಾಗಿ, ತೂಕ ಎಂಟು ಪಟ್ಟಾಗುತ್ತದೆ. ಹತ್ತು ಇಂಚಿನ ಒಂದು ಆಸ್ಕರ್ ಮತ್ತು ಒಂದೊಂದು ಇಂಚಿನ ಹತ್ತು ಟೆಟ್ರಾಗಳು ಸೂತ್ರದ ಪ್ರಕಾರ ಸಮ. ದೇಹದ ಆಕಾರ ಒಂದೇ ಎಂದುಕೊಂಡರೂ ತೂಕದಲ್ಲಿ ಆಸ್ಕರ್ ನೂರು ಪಟ್ಟು ಭಾರ. ಸಣ್ಣ ಮೀನು ತನ್ನ ತೂಕಕ್ಕೆ ಹೋಲಿಸಿದರೆ ಹೆಚ್ಚು ತಿನ್ನುವುದರಿಂದ ಕಶ್ಮಲದ ವ್ಯತ್ಯಾಸ ನೂರು ಪಟ್ಟಾಗುವುದಿಲ್ಲ, ಆದರೂ ಇಪ್ಪತ್ತು ಪಟ್ಟಿಗಿಂತ ಹೆಚ್ಚೇ ಇರುತ್ತದೆ. ಗೋಲ್ಡ್ ಫಿಶ್ ಸಾಕುವವರು ಸೆಂಟಿಮೀಟರಿಗೆ 3 ಲೀಟರ್ ಲೆಕ್ಕ ಹಿಡಿಯಬೇಕು. ಹಾಗೆ ಹಿಡಿದರೆ 18 ಸೆಂಟಿಮೀಟರಿನ ಒಂದು ಮೀನಿಗೆ 54 ಲೀಟರ್ ಬೇಕಾಗುತ್ತದೆ. ನಮ್ಮ ತೊಟ್ಟಿಯಲ್ಲಿ ಬೆಳೆದ ಗೋಲ್ಡ್ ಫಿಶ್ ಒಂದಕ್ಕೂ ಜಾಗವಿಲ್ಲ ಎಂಬುದು ಹಲವರಿಗೆ ಬೇಸರ ತರುವ ಉತ್ತರವಾದರೂ ಲೆಕ್ಕ ಹೇಳುವುದು ಅದನ್ನೇ. ಐದು ಲೀಟರಿನ ಗಾಜಿನ ಬಟ್ಟಲಿನಲ್ಲಿ ಎಷ್ಟು ಮೀನು ಸಾಕಬಹುದು ಎಂದರೆ ಒಂದೂ ಇಲ್ಲ. ಫೈಟರ್ ಮೀನಿಗೂ ಹದಿನೈದು ಇಪ್ಪತ್ತು ಲೀಟರ್ ನೀರು ಮತ್ತು ಫಿಲ್ಟರ್ ಬೇಕು.

ನೀರಿನ ಪ್ರಮಾಣದ ಜೊತೆಗೆ ಮೇಲ್ಮೈಯನ್ನೂ ನೋಡಬೇಕು, ಏಕೆಂದರೆ ಆಮ್ಲಜನಕ ನೀರಿಗೆ ಸೇರುವುದು ಗಾಳಿ ತಾಗುವ ಮೇಲ್ಭಾಗದಿಂದ. ಏರ್ ಪಂಪಿನ ಗುಳ್ಳೆಗಳೂ ಬಹುಮಟ್ಟಿಗೆ ಮೇಲಿನ ನೀರನ್ನು ಕಲಕಿ, ಕೆಳಗಿನ ನೀರನ್ನು ಮೇಲಕ್ಕೆ ತಂದು ಸಹಾಯ ಮಾಡುತ್ತವೆ. ಒಂದು ಸೆಂಟಿಮೀಟರ್ ಮೀನಿಗೆ 30 ಚದರ ಸೆಂಟಿಮೀಟರ್ ಮೇಲ್ಮೈ ಎಂಬುದು ಬಳಕೆಯಲ್ಲಿರುವ ಅಂದಾಜು. ನಮ್ಮ ತೊಟ್ಟಿಯ ಮೇಲ್ಮೈ 60ನ್ನು 29.5ರಿಂದ ಗುಣಿಸಿದರೆ 1770 ಚದರ ಸೆಂಟಿಮೀಟರ್. ಇದು 59 ಸೆಂಟಿಮೀಟರ್ ಮೀನಿಗೆ ಸಾಕು. ಎರಡು ಲೆಕ್ಕಗಳಲ್ಲಿ ಚಿಕ್ಕದನ್ನೇ ಹಿಡಿಯುವುದು ನಿಯಮವಾದ್ದರಿಂದ ಇಲ್ಲಿ ಲೀಟರಿನ ಲೆಕ್ಕವೇ ನಿಲ್ಲುತ್ತದೆ. ಆದರೆ ಅದೇ ನೀರನ್ನು ಒಂದಡಿ ಚೌಕದ, ಎರಡಡಿ ಎತ್ತರದ ಕಂಬದಂಥ ತೊಟ್ಟಿಗೆ ತುಂಬಿದರೆ ಮೇಲ್ಮೈ ಅರ್ಧಕ್ಕಿಳಿದು ಮಿತಿ 30 ಸೆಂಟಿಮೀಟರಿನ ಆಸುಪಾಸಿಗೆ ಬರುತ್ತದೆ. ಹಜಾರದ ಮೂಲೆಗೆ ಚೆನ್ನಾಗಿ ಹೊಂದುತ್ತದೆಂದು ಎತ್ತರದ ತೊಟ್ಟಿ ಕೊಳ್ಳುವವರು ಇದನ್ನು ಗಮನಿಸಬೇಕು.

ನಾಲ್ಕನೆಯ ಹಂತ: ಗುಂಪು, ಈಜುವ ಜಾಗ, ಮರಿಗಳು

ಸೆಂಟಿಮೀಟರ್ ಲೆಕ್ಕದಲ್ಲಿ ಜಾಗವಿದ್ದರೂ ಮೀನಿನ ಸ್ವಭಾವ ಒಪ್ಪದಿದ್ದರೆ ಆ ಲೆಕ್ಕ ನಿಷ್ಪ್ರಯೋಜಕ. ಡೇನಿಯೊ, ಟೆಟ್ರಾ, ತಳದಲ್ಲಿ ಓಡಾಡುವ ಕೋರಿಡೋರಸ್ ಮೀನುಗಳಿಗೆ ತಮ್ಮದೇ ಜಾತಿಯ ಕನಿಷ್ಠ ಆರು ಸಂಗಾತಿಗಳ ಗುಂಪು ಬೇಕು. ವೈವಿಧ್ಯಕ್ಕೆಂದು ಎರಡು ನಿಯಾನ್, ಎರಡು ಬಾರ್ಬ್, ಎರಡು ಡೇನಿಯೊ ತಂದರೆ ಮೂರು ಜಾತಿಯೂ ಅಂಜಿಕೊಂಡೇ ಬದುಕುತ್ತವೆ. ಟೈಗರ್ ಬಾರ್ಬ್ ಗುಂಪು ಚಿಕ್ಕದಾದರೆ ಬೇರೆ ಮೀನುಗಳ ರೆಕ್ಕೆ ಕಚ್ಚಲು ತೊಡಗುತ್ತದೆ. ಎಂಟು ಹತ್ತರ ಗುಂಪನ್ನು ಇಡೋಣವೆಂದರೆ ನಮ್ಮ 40 ಸೆಂಟಿಮೀಟರಿನ ಗೆರೆ ದಾಟುತ್ತದೆ. ಆದ್ದರಿಂದ ಎರಡಡಿ ತೊಟ್ಟಿಗೆ ಟೈಗರ್ ಬಾರ್ಬ್ ಸಲ್ಲದು. ಏಂಜೆಲ್ ಮೀನಿನ ಉದ್ದಕ್ಕಿಂತ ರೆಕ್ಕೆ ಸೇರಿದ ಎತ್ತರ ಹೆಚ್ಚು. 22 ಸೆಂಟಿಮೀಟರ್ ನೀರಿನಲ್ಲಿ ಅದರ ರೆಕ್ಕೆ ಜಲ್ಲಿಗೂ ತಾಗುತ್ತದೆ, ನೀರಿನ ಮೇಲ್ಭಾಗಕ್ಕೂ ತಾಗುತ್ತದೆ. ಗಂಡು ಫೈಟರ್ ಒಂದೇ ಇರಬೇಕು.

ನಮ್ಮ ಪಶ್ಚಿಮ ಘಟ್ಟದ ಕೇರಳ ಮತ್ತು ಕರ್ನಾಟಕದ ಹೊಳೆಗಳಲ್ಲಿ ಹುಟ್ಟಿದ ಡೆನಿಸನ್ ಬಾರ್ಬ್, ಅಂಗಡಿಗಳಲ್ಲಿ ಮಿಸ್ ಕೇರಳ ಎಂದು ಕರೆಸಿಕೊಳ್ಳುವ ಕೆಂಪು ಗೆರೆಯ ಮೀನು, ಅನೇಕರ ಮನಸ್ಸು ಸೆಳೆಯುತ್ತದೆ. ಅದು 11 ಸೆಂಟಿಮೀಟರ್ ಮೀರಿ ಬೆಳೆಯುವ, ಹರಿಯುವ ತಂಪು ನೀರಿನಲ್ಲಿ ಗುಂಪಾಗಿ ವೇಗದಿಂದ ಈಜುವ ಮೀನು. ಅದಕ್ಕೆ ನಾಲ್ಕಡಿಗೆ ಕಡಿಮೆಯಿಲ್ಲದ ಉದ್ದದ ತೊಟ್ಟಿ ಬೇಕು. ಅಕ್ವೇರಿಯಂ ವ್ಯಾಪಾರಕ್ಕಾಗಿ ಹೊಳೆಗಳಿಂದ ಹಿಡಿದದ್ದೂ ಸೇರಿ ಹಲವು ಕಾರಣಗಳಿಂದ ಅದು ಅಳಿವಿನಂಚಿನ ಪಟ್ಟಿಗೆ ಸೇರಿದೆ. ತರುವುದಾದರೆ ಸಾಕಣೆಯಲ್ಲಿ ಹುಟ್ಟಿದ ಮರಿಯೇ ಎಂದು ಖಚಿತಪಡಿಸಿಕೊಳ್ಳಿ.

ಗಪ್ಪಿ, ಮೋಲಿ, ಪ್ಲಾಟಿ, ಸ್ವೋರ್ಡ್‌ಟೇಲ್ ಮರಿ ಹಾಕುವ ಮೀನುಗಳು. ಅಂಗಡಿಯಲ್ಲಿ ಗಂಡಿನ ಜೊತೆಯೇ ಇದ್ದ ಹೆಣ್ಣು ಗಪ್ಪಿ ಸಾಮಾನ್ಯವಾಗಿ ಬಸಿರಾಗಿಯೇ ಮನೆಗೆ ಬರುತ್ತದೆ. ಗಂಡಿನ ವೀರ್ಯವನ್ನು ದೇಹದಲ್ಲಿ ಉಳಿಸಿಕೊಂಡು, ಗಂಡಿಲ್ಲದಿದ್ದರೂ ತಿಂಗಳುಗಟ್ಟಲೆ, ಸುಮಾರು ನಾಲ್ಕು ವಾರಗಳಿಗೊಮ್ಮೆ ಇಪ್ಪತ್ತು ಮೂವತ್ತು ಮರಿ ಹಾಕಬಲ್ಲದು. ಎರಡು ಜೊತೆ ಗಪ್ಪಿ ಎಂದು ಬರೆದ ಲೆಕ್ಕ ಮೂರು ತಿಂಗಳಲ್ಲಿ ಅರ್ಥ ಕಳೆದುಕೊಳ್ಳುತ್ತದೆ. ಸಂಖ್ಯೆ ನಿಮ್ಮ ಕೈಯಲ್ಲೇ ಇರಬೇಕೆಂದರೆ ಗಂಡು ಗಪ್ಪಿಗಳನ್ನು ಮಾತ್ರ ಸಾಕಿ.

ಇಷ್ಟು ನೋಡಿದ ಮೇಲೆ ನಮ್ಮ ತೊಟ್ಟಿಗೆ ಒಂದು ಪಟ್ಟಿ ರೂಪುಗೊಳ್ಳುತ್ತದೆ. ಆರಂಭಕ್ಕೆ ಆರು ಜೀಬ್ರಾ ಡೇನಿಯೊ, ತಲಾ 4.5 ಸೆಂಟಿಮೀಟರಿನಂತೆ 27. ಆರನೆಯ ಹಂತದಲ್ಲಿ ಹೇಳುವ ಪರೀಕ್ಷೆಯಲ್ಲಿ ನೀರು ಒಪ್ಪಿಗೆ ಕೊಟ್ಟರೆ ಎರಡು ತಿಂಗಳ ನಂತರ 5 ಸೆಂಟಿಮೀಟರಿನ ಒಂದು ಜೊತೆ ಹನಿ ಗೌರಾಮಿ. ಒಟ್ಟು 37 ಸೆಂಟಿಮೀಟರ್, ಎಂಟು ಮೀನು. ಡೇನಿಯೊ ಬೇಡವೆನ್ನುವವರು ಏಳು ಗಂಡು ಗಪ್ಪಿಗಳಿಂದ ಆರಂಭಿಸಬಹುದು.

ಐದನೆಯ ಹಂತ: ಫಿಲ್ಟರ್ ಮತ್ತು ಅದರೊಳಗಿನ ಜೀವ

ಮೀನು ಕಿವಿರುಗಳ ಮೂಲಕ ಅಮೋನಿಯಾ ಹೊರಹಾಕುತ್ತದೆ. ಉಳಿದ ಆಹಾರ ಮತ್ತು ಮಲ ಕೊಳೆತೂ ಅಮೋನಿಯಾ ಬರುತ್ತದೆ. ಒಂದು ಬಗೆಯ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಆಗಿ, ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಆಗಿ ಬದಲಿಸುತ್ತವೆ. ಮೊದಲ ಎರಡು ವಿಷ, ಮೂರನೆಯದು ಹೋಲಿಕೆಯಲ್ಲಿ ಸೌಮ್ಯ. ಈ ಸೂಕ್ಷ್ಮಜೀವಿಗಳು ಫಿಲ್ಟರಿನ ಸ್ಪಾಂಜಿನಲ್ಲಿ, ಜಲ್ಲಿಯ ಮೇಲೆ ನೆಲೆಯೂರಲು ನಾಲ್ಕರಿಂದ ಆರು ವಾರ, ಕೆಲವೊಮ್ಮೆ ಹೆಚ್ಚು ಕಾಲ ಹಿಡಿಯುತ್ತದೆ. ಹೊಸ ತೊಟ್ಟಿಗೆ ಮೊದಲ ದಿನವೇ ಹತ್ತು ಮೀನು ಬಿಟ್ಟು ಎರಡನೆಯ ವಾರದಲ್ಲಿ ಒಂದೊಂದಾಗಿ ಕಳೆದುಕೊಳ್ಳುವುದಕ್ಕೆ ಇದೇ ಕಾರಣ. ಆಗ ತೊಟ್ಟಿಯ ಸಾಮರ್ಥ್ಯ ಬಹುತೇಕ ಸೊನ್ನೆ.

ಆದ್ದರಿಂದ ಮೀನಿಲ್ಲದೆಯೇ ತೊಟ್ಟಿಯನ್ನು ಹದಕ್ಕೆ ತರಬೇಕು. ಫಿಲ್ಟರ್ ಓಡಿಸುತ್ತ, ದಿನವೂ ಒಂದು ಚಿಟಿಕೆ ಮೀನಿನ ಆಹಾರ ಹಾಕುತ್ತ ಅಮೋನಿಯಾ ಹುಟ್ಟಲು ಬಿಡಿ. ಸ್ನೇಹಿತರ ಆರೋಗ್ಯವಂತ ತೊಟ್ಟಿಯ ಫಿಲ್ಟರಿನಿಂದ ಹಳೆಯ ಸ್ಪಾಂಜಿನ ತುಂಡೊಂದನ್ನು ತಂದು ಹಾಕಿದರೆ ಕೆಲಸ ಬೇಗ ಆಗುತ್ತದೆ. ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಏರಿ, ಇಳಿದು, ಆಹಾರ ಹಾಕುತ್ತಿದ್ದರೂ ಸೊನ್ನೆಯಲ್ಲೇ ನಿಂತಾಗ ತೊಟ್ಟಿ ಸಿದ್ಧವಾಯಿತು ಎಂದು ತಿಳಿಯಬಹುದು.

ಫಿಲ್ಟರ್ ಗಂಟೆಗೆ ತೊಟ್ಟಿಯ ನೀರನ್ನು ನಾಲ್ಕರಿಂದ ಆರು ಸಲ ತಿರುಗಿಸಬೇಕು ಎಂಬುದು ಸಾಮಾನ್ಯ ಅಳತೆ. 40 ಲೀಟರಿಗೆ 160ರಿಂದ 240 ಲೀಟರ್ ಆಯಿತು. ಡಬ್ಬಿಯ ಮೇಲೆ ಬರೆದಿರುವ ಸಂಖ್ಯೆ ಸ್ಪಾಂಜ್ ಇಲ್ಲದ ಖಾಲಿ ಪಂಪಿನದಾಗಿರುವುದರಿಂದ 300 ಲೀಟರಿನದನ್ನು ಕೊಳ್ಳುವುದು ಕ್ಷೇಮ. ಸ್ಪಾಂಜನ್ನು ನಲ್ಲಿಯ ಕೆಳಗೆ ಹಿಂಡಬೇಡಿ; ಕ್ಲೋರಿನ್ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ. ಒಂದು ತಪ್ಪು ತಿಳಿವಳಿಕೆಯನ್ನೂ ಇಲ್ಲಿ ದೂರಮಾಡಬೇಕು: ಎಷ್ಟೇ ದೊಡ್ಡ ಫಿಲ್ಟರ್ ಹಾಕಿದರೂ ಅದು ಸಾಮಾನ್ಯವಾಗಿ ನೈಟ್ರೇಟನ್ನು ತೆಗೆಯುವುದಿಲ್ಲ, ಈಜುವ ಜಾಗವನ್ನೂ ಹೆಚ್ಚಿಸುವುದಿಲ್ಲ.

ಆರನೆಯ ಹಂತ: ನೀರಿನ ಪರೀಕ್ಷೆಯಿಂದ ಕೊನೆಯ ತೀರ್ಮಾನ

ಇಲ್ಲಿಯವರೆಗಿನದೆಲ್ಲ ಅಂದಾಜು. ನಿಮ್ಮ ತೊಟ್ಟಿ ಎಷ್ಟು ಮೀನುಗಳನ್ನು ತಾಳುತ್ತದೆ ಎಂಬುದನ್ನು ಹೇಳುವ ಅಧಿಕಾರ ಇರುವುದು ನೀರಿಗೆ. ಅದನ್ನು ಕೇಳುವ ಸಾಧನ ಹನಿ ಹಾಕಿ ಬಣ್ಣ ನೋಡುವ ಪರೀಕ್ಷೆಯ ಕಿಟ್. ಮೀನಿಗೆ ಖರ್ಚು ಮಾಡುವ ಮೊದಲು ಇದಕ್ಕೆ ಖರ್ಚು ಮಾಡಿ.

ಸಾಮಾನ್ಯವಾಗಿ ಸಿಗುವ ಕಿಟ್‌ಗಳಲ್ಲಿ ಅಮೋನಿಯಾ ಪರೀಕ್ಷೆಯ ನಳಿಗೆ ತಿಳಿಹಳದಿಯಾಗಿಯೇ ಉಳಿದರೆ ಕ್ಷೇಮ, ಹಸಿರಿಗೆ ತಿರುಗಿದರೆ ಅಪಾಯ. ನಳಿಗೆಯನ್ನು ಬಿಳಿ ಕಾಗದಕ್ಕೆ ಒತ್ತಿ ಹಿಡಿದು, ಹಗಲಿನ ಬೆಳಕಿನಲ್ಲಿ ನೋಡಿ. ಟ್ಯೂಬ್‌ಲೈಟಿನ ಕೆಳಗೆ ಹಳದಿಯೂ ಹಸಿರಾಗಿ ಕಾಣುವುದುಂಟು. ನೈಟ್ರೇಟ್ ಪರೀಕ್ಷೆಯ ಎರಡನೆಯ ಬಾಟಲಿಯ ತಳದಲ್ಲಿ ಪುಡಿ ಗಟ್ಟಿಯಾಗಿ ಕೂರುತ್ತದೆ. ಬಾಟಲಿಯನ್ನು ಮೇಜಿಗೆ ನಾಲ್ಕು ಸಲ ತಟ್ಟಿ, ಅರ್ಧ ನಿಮಿಷ ಜೋರಾಗಿ ಕುಲುಕದಿದ್ದರೆ ನಿಜಕ್ಕಿಂತ ಕಡಿಮೆ ತೋರಿಸಿ ನಿಮ್ಮನ್ನು ದಾರಿ ತಪ್ಪಿಸುತ್ತದೆ.

ಅಮೋನಿಯಾ ಮತ್ತು ನೈಟ್ರೈಟ್ ಯಾವಾಗಲೂ ಸೊನ್ನೆ ಇರಬೇಕು. ಅಮೋನಿಯಾದ ವಿಷತನ ಪಿಎಚ್, ಅಂದರೆ ನೀರಿನ ಆಮ್ಲ-ಕ್ಷಾರದ ಅಳತೆ, ಏರಿದಂತೆ ಏರುತ್ತದೆ: 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ಶೇಕಡ 0.6ರಷ್ಟು ಮಾತ್ರ ವಿಷರೂಪದಲ್ಲಿರುತ್ತದೆ, ಪಿಎಚ್ 8ರಲ್ಲಿ ಅದು ಶೇಕಡ 5ನ್ನು ದಾಟುತ್ತದೆ. ಬಯಲುಸೀಮೆಯ ಬೋರ್‌ವೆಲ್ ನೀರು ಅನೇಕ ಕಡೆ ಗಡಸು, ಕ್ಷಾರದ ಕಡೆಗೆ ವಾಲಿದ್ದು. ಅಂಥ ನೀರಿನಲ್ಲಿ ಸಾಕುವವರು ಆರಂಭದ ಮಿತಿಯಲ್ಲೇ ಹೆಚ್ಚು ಕಾಲ ನಿಲ್ಲುವುದು ಜಾಣತನ.

ಈಗ ಬಹಳ ಉಪಯುಕ್ತವಾದ ಒಂದು ಲೆಕ್ಕ. ಮೊದಲ ಮೀನುಗಳನ್ನು ಬಿಟ್ಟು ಒಂದು ತಿಂಗಳಾದ ಮೇಲೆ, ನೀರು ಬದಲಿಸಿದ ದಿನ ಸಂಜೆ ನೈಟ್ರೇಟ್ ಅಳೆಯಿರಿ. ಏಳು ದಿನ ಬಿಟ್ಟು ಮುಂದಿನ ಬದಲಾವಣೆಗೆ ಮುಂಚೆ ಮತ್ತೆ ಅಳೆಯಿರಿ. ಕಿಟ್ಟಿನ ಬಣ್ಣಪಟ್ಟಿಯಿಂದ ಸಣ್ಣ ವ್ಯತ್ಯಾಸ ನಿಖರವಾಗಿ ಸಿಗುವುದಿಲ್ಲವಾದ್ದರಿಂದ ಇದನ್ನು ಮೂರು ನಾಲ್ಕು ವಾರ ಮಾಡಿ ಸರಾಸರಿ ತೆಗೆಯಿರಿ. ವಾರದ ಏರಿಕೆ ಲೀಟರಿಗೆ 8 ಮಿಲಿಗ್ರಾಂ ಎಂದಿಟ್ಟುಕೊಳ್ಳೋಣ. ನೀವು ವಾರಕ್ಕೆ ನಾಲ್ಕನೆಯ ಒಂದು ಭಾಗ ನೀರು ಬದಲಿಸುತ್ತೀರಿ. ಹಾಗಿದ್ದರೆ ತಿಂಗಳುಗಳು ಕಳೆದಂತೆ ನೈಟ್ರೇಟ್ ಎಲ್ಲಿಗೆ ಹೋಗಿ ನಿಲ್ಲುತ್ತದೆ? ವಾರದ ಏರಿಕೆಯನ್ನು ಬದಲಿಸುವ ಭಾಗದಿಂದ ಭಾಗಿಸಿ, ಅದಕ್ಕೆ ನೀವು ಸುರಿಯುವ ಹೊಸ ನೀರಿನಲ್ಲಿರುವ ನೈಟ್ರೇಟ್ ಕೂಡಿಸಿ. 8ನ್ನು 0.25ರಿಂದ ಭಾಗಿಸಿದರೆ 32. ಹೊಸ ನೀರಿನಲ್ಲಿ 5 ಇದ್ದರೆ ಒಟ್ಟು 37. ಪ್ರತಿ ವಾರದ ಬದಲಾವಣೆಗೆ ಮುಂಚೆ ನೀರು ಈ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಅದೇ ಮೀನುಗಳಿಗೆ ಶೇಕಡ 40ರಷ್ಟು ನೀರು ಬದಲಿಸಿದರೆ 20ಕ್ಕೆ 5 ಸೇರಿ 25.

ನಾನು 30ನ್ನು ಮೇಲಿನ ಮಿತಿಯಾಗಿ ಇಟ್ಟುಕೊಳ್ಳಲು ಹೇಳುತ್ತೇನೆ; ಹಲವರು 40ರವರೆಗೂ ಒಪ್ಪುತ್ತಾರೆ. ಈ ಮಿತಿಯೊಳಗೆ ಇರಲು ವಾರಕ್ಕೆ ಅರ್ಧಕ್ಕಿಂತ ಹೆಚ್ಚು ನೀರು ಬದಲಿಸಬೇಕಾಗಿ ಬಂದರೆ, ಸೂತ್ರಗಳು ಏನೇ ಹೇಳಲಿ, ನಿಮ್ಮ ತೊಟ್ಟಿ ತುಂಬಿದೆ. 40 ಲೀಟರಿನಲ್ಲಿ ಶೇಕಡ 40 ಎಂದರೆ 16 ಲೀಟರ್, ಒಂದು ದೊಡ್ಡ ಬಕೆಟ್. ಪ್ರತಿ ಭಾನುವಾರ ಅಷ್ಟು ನೀರು ಹೊರಲು ನೀವು ಸಿದ್ಧರಿದ್ದೀರಾ ಎಂಬುದೂ ತೊಟ್ಟಿಯ ಸಾಮರ್ಥ್ಯದ ಒಂದು ಭಾಗವೇ. ಆವಿಯಾಗಿ ಇಳಿದ ನೀರನ್ನು ಮೇಲಿಂದ ತುಂಬಿಸುವುದು ಬದಲಾವಣೆಯಲ್ಲ, ಏಕೆಂದರೆ ಲವಣಗಳೂ ನೈಟ್ರೇಟೂ ಆವಿಯ ಜೊತೆ ಹೋಗುವುದಿಲ್ಲ.

ಸುರಿಯುವ ನೀರನ್ನೂ ಪರೀಕ್ಷಿಸುವುದನ್ನು ಮರೆಯಬೇಡಿ. ಕುಡಿಯುವ ನೀರಿಗೆ ಭಾರತೀಯ ಮಾನಕವು ನೈಟ್ರೇಟಿಗೆ ಇಟ್ಟಿರುವ ಮಿತಿ ಲೀಟರಿಗೆ 45 ಮಿಲಿಗ್ರಾಂ. ಕರ್ನಾಟಕದ ಹಲವು ಜಿಲ್ಲೆಗಳ ಬೋರ್‌ವೆಲ್‌ಗಳಲ್ಲಿ ಅದನ್ನೂ ಮೀರಿದ ನೈಟ್ರೇಟ್ ಸಿಗುತ್ತದೆ. ಅಂಥ ನೀರಿನಿಂದ ಎಷ್ಟು ಸಲ ಬದಲಿಸಿದರೂ ತೊಟ್ಟಿಯ ನೈಟ್ರೇಟ್ ಅದಕ್ಕಿಂತ ಕೆಳಗಿಳಿಯುವುದಿಲ್ಲ. ಆರ್‌ಒ ನೀರನ್ನು ಅಥವಾ ಶುಚಿಯಾಗಿ ಹಿಡಿದ ಮಳೆನೀರನ್ನು ಬೆರೆಸಿ ಹಾಕುವುದು ಅದಕ್ಕೆ ದಾರಿ. ನಗರದ ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ದ್ರಾವಣ ಹಾಕಿಯೇ ಬಳಸಿ.

ಏರಿಕೆ ಎಲ್ಲಿಂದ ಬರುತ್ತದೆ ಎಂದು ತಿಳಿದರೆ ಅದನ್ನು ತಗ್ಗಿಸುವ ದಾರಿಯೂ ಕಾಣುತ್ತದೆ. ಶೇಕಡ 40 ಪ್ರೊಟೀನ್ ಇರುವ ಒಂದು ಗ್ರಾಂ ಆಹಾರದಲ್ಲಿ 64 ಮಿಲಿಗ್ರಾಂ ಸಾರಜನಕವಿದೆ. ಅದೆಲ್ಲವೂ ನೈಟ್ರೇಟ್ ಆದರೆ 280 ಮಿಲಿಗ್ರಾಂ. ಮೀನಿನ ಮೈಗೆ ಸೇರಿದ್ದು, ಕಸವಾಗಿ ಹೀರಿ ತೆಗೆದದ್ದು ಕಳೆದರೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, 160 ಮಿಲಿಗ್ರಾಂ ಎನ್ನೋಣ. 40 ಲೀಟರಿನಲ್ಲಿ ಅದು ಲೀಟರಿಗೆ 4 ಮಿಲಿಗ್ರಾಂ ಏರಿಕೆ. ಬೆಳೆದ ಡೇನಿಯೊ ಸುಮಾರು ಅರ್ಧ ಗ್ರಾಂ ತೂಗುತ್ತದೆ. ಆರು ಮೀನುಗಳಿಗೆ ದಿನಕ್ಕೆ ದೇಹತೂಕದ ಶೇಕಡ 3ರಂತೆ ವಾರವಿಡೀ ಬೇಕಾಗುವ ಆಹಾರ ಮುಕ್ಕಾಲು ಗ್ರಾಂ ಕೂಡ ಆಗುವುದಿಲ್ಲ. ಏರಿಕೆ 8 ಬಂದಿದ್ದರೆ ಬೇಕಾದದ್ದಕ್ಕಿಂತ ಮೂರು ಪಟ್ಟು ಆಹಾರ ಒಳಗೆ ಬೀಳುತ್ತಿದೆ ಎಂದರ್ಥ. ಚಿನ್ನ ಬೆಳ್ಳಿ ತೂಗುವಂಥ ಚಿಕ್ಕ ತಕ್ಕಡಿ ಸಿಕ್ಕರೆ ವಾರದ ಆಹಾರವನ್ನು ಒಂದೇ ಸಲ ತೂಗಿ ಪುಟ್ಟ ಡಬ್ಬಿಗೆ ಹಾಕಿಡಿ. ಮನೆಯಲ್ಲಿ ಯಾರೇ ಹಾಕಿದರೂ ಆ ಡಬ್ಬಿಯಿಂದಲೇ ಹಾಕಬೇಕು. ಬೆಳಗ್ಗೆ ಅಜ್ಜ, ಮಧ್ಯಾಹ್ನ ಅಮ್ಮ, ಸಂಜೆ ಶಾಲೆಯಿಂದ ಬಂದ ಮಗು ಎಲ್ಲರೂ ಒಂದೊಂದು ಚಿಟಿಕೆ ಹಾಕುವ ಮನೆಯಲ್ಲಿ ಎಂಟು ಮೀನುಗಳ ತೊಟ್ಟಿ ಇಪ್ಪತ್ತು ಮೀನುಗಳ ಭಾರ ಹೊರುತ್ತಿರುತ್ತದೆ.

ಏಳನೆಯ ಹಂತ: ಬೇಸಿಗೆಯ ಲೆಕ್ಕ

ಜನವರಿಯಲ್ಲಿ ಸರಿಹೋದ ಸಂಖ್ಯೆ ಏಪ್ರಿಲ್‌ನಲ್ಲಿ ಹೆಚ್ಚಾಗಬಹುದು. ಸಮುದ್ರಮಟ್ಟದಲ್ಲಿ 20 ಡಿಗ್ರಿಯ ನೀರು ಲೀಟರಿಗೆ 9.1 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ, 25 ಡಿಗ್ರಿಯಲ್ಲಿ 8.3, 30 ಡಿಗ್ರಿಯಲ್ಲಿ 7.6 ಮಾತ್ರ. ಬೆಂಗಳೂರಿನಂತೆ 900 ಮೀಟರ್ ಎತ್ತರದ ಊರಿನಲ್ಲಿ ವಾಯುಭಾರ ಕಡಿಮೆಯಾದ್ದರಿಂದ ಇದರಲ್ಲಿಯೂ ಹತ್ತರಲ್ಲೊಂದು ಪಾಲು ಕಳೆಯಬೇಕು. ಇತ್ತ ಬಿಸಿ ನೀರಿನಲ್ಲಿ ಮೀನಿನ ಉಸಿರಾಟ ಹೆಚ್ಚುತ್ತದೆ. 40 ಡಿಗ್ರಿ ದಾಟುವ ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಸಾಕುವವರು ಕೊನೆಯ ಗೆರೆಯವರೆಗೆ ಹೋಗದಿರುವುದೇ ಒಳ್ಳೆಯದು.

ಇದನ್ನು ಪರೀಕ್ಷಿಸುವ ಹೊತ್ತು ನಸುಕು. ರಾತ್ರಿಯಿಡೀ ಗಿಡಗಳೂ ಸೂಕ್ಷ್ಮಜೀವಿಗಳೂ ಮೀನುಗಳೂ ಆಮ್ಲಜನಕ ಬಳಸಿರುವುದರಿಂದ ದೀಪ ಹಾಕುವ ಮುಂಚಿನ ಹೊತ್ತಿನಲ್ಲಿ ಅದು ಅತಿ ಕಡಿಮೆ ಇರುತ್ತದೆ. ಆಗ ಮೀನುಗಳು ಬಾಯಿಯನ್ನು ನೀರಿನ ಮೇಲ್ಪದರಕ್ಕೆ ತಾಗಿಸಿ, ಕಿವಿರಿನ ಮುಚ್ಚಳಗಳನ್ನು ಬೇಗಬೇಗ ಬಡಿಯುತ್ತ ನಿಂತಿದ್ದರೆ ತೊಟ್ಟಿಯಲ್ಲಿ ಮೀನು ಹೆಚ್ಚಾಗಿದೆ ಅಥವಾ ನೀರಿನ ಕಲಕುವಿಕೆ ಸಾಲದು. ಗೌರಾಮಿ ಮತ್ತು ಫೈಟರ್ ಆಗಾಗ ಮೇಲೆ ಬಂದು ಗಾಳಿ ನುಂಗುವುದು ಅವುಗಳ ಹುಟ್ಟುಗುಣ. ಅದನ್ನು ನೋಡಿ ಗಾಬರಿಯಾಗಬೇಕಿಲ್ಲ, ಡೇನಿಯೊಗಳನ್ನು ನೋಡಿ.

ಕರೆಂಟ್ ಹೋಗುವ ಊರಿನಲ್ಲಿ ಇನ್ನೊಂದು ಪರೀಕ್ಷೆ ಅಗತ್ಯ. ರಜೆಯ ದಿನ ಹಗಲಿನಲ್ಲಿ ಫಿಲ್ಟರ್ ಮತ್ತು ಏರ್ ಪಂಪ್ ಎರಡನ್ನೂ ನಿಲ್ಲಿಸಿ, ತೊಟ್ಟಿಯ ಮುಂದೆಯೇ ಕುಳಿತು ಎರಡು ಗಂಟೆ ಗಮನಿಸಿ. ಮೀನುಗಳು ಮೇಲಕ್ಕೆ ಬರತೊಡಗಿದರೆ ತಕ್ಷಣ ಪಂಪ್ ಹಾಕಿ, ಮೀನಿನ ಸಂಖ್ಯೆಯನ್ನು ಇಳಿಸುವ ಯೋಚನೆ ಮಾಡಿ. ಬ್ಯಾಟರಿಯಿಂದ ಓಡುವ ಏರ್ ಪಂಪ್ ಮನೆಯಲ್ಲಿರಲಿ, ಆದರೆ ಅದು ತುರ್ತಿಗೆ. ಅದನ್ನು ನಂಬಿ ಹೆಚ್ಚು ಮೀನು ಬಿಡಬೇಡಿ.

ಹೊಸ ಮೀನು ಸೇರಿಸುವ ಕ್ರಮ, ಹೆಚ್ಚಾದರೆ ಇಳಿಸುವ ಕ್ರಮ

ಮೊದಲ ಗುಂಪು ಬಿಟ್ಟು ಎರಡು ತಿಂಗಳು ಅಮೋನಿಯಾ, ನೈಟ್ರೈಟ್ ಸೊನ್ನೆಯಾಗಿ, ನೈಟ್ರೇಟ್ ಲೆಕ್ಕ 30ರೊಳಗೆ ನಿಂತರೆ ಗೌರಾಮಿ ಜೊತೆಯನ್ನು ತನ್ನಿ. ತಂದ ಮೇಲೆ ಎರಡು ವಾರ ದಿನ ಬಿಟ್ಟು ದಿನ ಅಮೋನಿಯಾ ನೋಡಿ, ವಾರದ ಏರಿಕೆಯನ್ನು ಹೊಸದಾಗಿ ಅಳೆದು ಲೆಕ್ಕವನ್ನು ಮತ್ತೆ ಮಾಡಿ. ಅದು ಮಿತಿ ದಾಟಿದರೆ ಅಲ್ಲಿಗೇ ನಿಲ್ಲಿಸಬೇಕು.

ಮೀನು ಈಗಾಗಲೇ ಹೆಚ್ಚಾಗಿರುವವರು ಒಂದೇ ದಿನ ತೊಟ್ಟಿಯನ್ನೆಲ್ಲ ತೊಳೆದು ಹೊಸ ನೀರು ತುಂಬಬಾರದು. ಬಹುಕಾಲ ಕೆಟ್ಟ ನೀರಿಗೆ ಒಗ್ಗಿದ ಮೀನು ಆ ಬದಲಾವಣೆಯನ್ನು ತಾಳಲಾರದೆ ಸಾಯಬಹುದು. ದಿನಕ್ಕೆ ಶೇಕಡ 10ರಿಂದ 15ರಂತೆ ಬದಲಿಸುತ್ತ, ಆಹಾರ ಅರ್ಧಕ್ಕಿಳಿಸಿ, ದೊಡ್ಡದಾಗುವ ಮೀನುಗಳನ್ನು ಮೊದಲು ಬೇರೆಡೆಗೆ ಕಳಿಸುವ ವ್ಯವಸ್ಥೆ ಮಾಡಿ. ದೊಡ್ಡ ತೊಟ್ಟಿಯಿರುವ ಹವ್ಯಾಸಿಗಳಿಗೆ ಕೊಡಬಹುದು. ಕೆಲವು ಅಂಗಡಿಗಳೂ ವಾಪಸು ತೆಗೆದುಕೊಳ್ಳುತ್ತವೆ. ಊರ ಕೆರೆಗೋ ಹೊಳೆಗೋ ದೇವಸ್ಥಾನದ ಕಲ್ಯಾಣಿಗೋ ಬಿಡುವುದು ಮಾತ್ರ ಯಾವ ಕಾರಣಕ್ಕೂ ಕೂಡದು. ದಕ್ಷಿಣ ಅಮೆರಿಕದ ಸಕ್ಕರ್ ಮೀನು ಹೀಗೆ ಹೊರಬಿದ್ದು ಕೇರಳ ಮತ್ತು ಆಂಧ್ರದ ನೀರಿನಲ್ಲಿ ನೆಲೆಯೂರಿದೆ, ಮೀನುಗಾರರ ಬಲೆ ಹರಿಯುತ್ತಿದೆ, ಸ್ಥಳೀಯ ಮೀನುಗಳ ಆಹಾರಕ್ಕೂ ನೆಲೆಗೂ ಪೈಪೋಟಿಯಾಗಿದೆ.

ಹೆಚ್ಚು ಮೀನು ಬೇಕೇ ಬೇಕು ಎನ್ನುವವರು ದೊಡ್ಡ ತೊಟ್ಟಿಗೆ ಹೋಗಬೇಕು. ಮೂರಡಿ ಉದ್ದ, ಹದಿನೈದು ಇಂಚು ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿಯ ಹೊರ ಅಳತೆ 159 ಲೀಟರ್, ನಿಜವಾದ ನೀರು ಸುಮಾರು 120. ಉದ್ದ ಒಂದೂವರೆ ಪಟ್ಟಾದರೆ ನೀರು ಮೂರು ಪಟ್ಟಾಯಿತು. ಆರಂಭದ ಮಿತಿ 80 ಸೆಂಟಿಮೀಟರ್: ಹನ್ನೆರಡು ಡೇನಿಯೊಗಳಿಗೆ 54 ಹೋದರೆ, ಉಳಿದ 26 ತಲಾ 4 ಸೆಂಟಿಮೀಟರ್ ಮೀರದ ಆರು ಪುಟ್ಟ ಕೋರಿಡೋರಸ್‌ಗಳಿಗೆ ಸಾಕು, ಅಥವಾ ಬೇರೆ ಯಾವ ಮೀನೂ ಇಲ್ಲದೆ ಎರಡು ದುಂಡು ಗೋಲ್ಡ್ ಫಿಶ್. ಕೊಳ್ಳುವ ಮುನ್ನ ಅದನ್ನು ಇಡುವ ಮೇಜನ್ನು ಪರಿಶೀಲಿಸಿ. ನೀರು, ಗಾಜು, ಜಲ್ಲಿ ಸೇರಿ ಅದು ಒಂದೂವರೆ ಕ್ವಿಂಟಲ್ ಮೀರಿ ತೂಗುತ್ತದೆ.